ಮರಣಸ್ಥಳದ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ: ಚಿತ್ರಕಾರ ಆಸ್ಕರ್ ರಾಬಿನ್ ಅವರ ಬದುಕು ಮತ್ತು ಕೃತಿ

1972ರಲ್ಲಿ ಮಾಸ್ಕೋದ ಚಿತ್ರಕಾರ ಆಸ್ಕರ್ ರಾಬಿನ್ ತಮ್ಮ ಪಾಸ್‌ಪೋರ್ಟನ್ನೇ ಚಿತ್ರದ ವಸ್ತುವಾಗಿ ಮಾಡಿಕೊಂಡರು. ವಿದೇಶಕ್ಕೆ ಹೋಗುವವರು ಪಡೆಯುವ ಪಾಸ್‌ಪೋರ್ಟ್ ಅದಲ್ಲ. ತನ್ನ ದೇಶದೊಳಗೇ ಬದುಕಲು ಸೋವಿಯತ್ ಪ್ರಜೆಗೆ ಬೇಕಾಗಿದ್ದ ಒಳನಾಡಿನ ಗುರುತುಪತ್ರ. ಅಂಗೈಯಗಲದ ಆ ಪುಸ್ತಿಕೆ ಕ್ಯಾನ್ವಾಸನ್ನೆಲ್ಲ ತುಂಬಿಕೊಂಡು, ಮಾಸಲು ಬಣ್ಣದಲ್ಲಿ, ಯಾರದೋ ಕಿಸೆಯಲ್ಲಿ ವರ್ಷಗಟ್ಟಲೆ ನಲುಗಿದಂತೆ ನಮ್ಮೆದುರು ತೆರೆದುಕೊಳ್ಳುತ್ತದೆ. ಜನಾಂಗವನ್ನು ನಮೂದಿಸುವ ಸಾಲಿನಲ್ಲಿ 'ಲಾಟ್ವಿಯನ್' ಎಂದಿದೆ, ಪಕ್ಕದ ಆವರಣದೊಳಗೆ 'ಯಹೂದಿ' ಎಂದಿದೆ. ಅದರೊಂದಿಗೆ ನಿಜವಾದ ಯಾವ ಪಾಸ್‌ಪೋರ್ಟಿನಲ್ಲೂ ಇರದ ಇನ್ನೊಂದು ಸಾಲನ್ನು ರಾಬಿನ್ ಸೇರಿಸಿದ್ದಾರೆ: ಮರಣಸ್ಥಳ. ಅದಕ್ಕೆ ಅವರೇ ಬರೆದುಕೊಂಡ ಉತ್ತರಗಳು ಎರಡು, ಎರಡರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ. 'ಬೇಲಿಯ ಬುಡದಲ್ಲಿ?' 'ಇಸ್ರೇಲಿನಲ್ಲಿ?'

ಈ ಒಂದು ಚಿತ್ರವನ್ನು ಸರಿಯಾಗಿ ಓದಿಕೊಂಡರೆ ರಾಬಿನ್ ಅವರ ಬದುಕಿನ ಬಹುಭಾಗ ಅರ್ಥವಾಗುತ್ತದೆ. ಆದರೆ ಓದಲು ಕೆಲವು ಸಂಗತಿಗಳು ಗೊತ್ತಿರಬೇಕು. ಒಬ್ಬ ಮನುಷ್ಯ ತನ್ನ ಮನೆಯಲ್ಲಿ ಕುಳಿತು, ತಾನೇ ಹೊಂದಿಸಿಕೊಂಡ ಬಣ್ಣದಿಂದ ಮೀನಿನ ಚಿತ್ರವನ್ನೋ ಗುಡಿಸಲಿನ ಚಿತ್ರವನ್ನೋ ಬರೆಯುವುದು ಸರ್ಕಾರವೊಂದಕ್ಕೆ ಏಕೆ ಸಹಿಸಲಾಗದ ಕೆಲಸವಾಯಿತು ಎಂಬುದು ಅವುಗಳಲ್ಲಿ ಮೊದಲನೆಯದು.

ಸೋವಿಯತ್ ಒಕ್ಕೂಟದಲ್ಲಿ 1932ರ ಏಪ್ರಿಲ್‌ನಲ್ಲಿ ಪಕ್ಷದ ಒಂದು ನಿರ್ಣಯ ಅದುವರೆಗಿದ್ದ ಸ್ವತಂತ್ರ ಸಾಹಿತ್ಯ ಮತ್ತು ಕಲಾ ಸಂಘಟನೆಗಳನ್ನೆಲ್ಲ ವಿಸರ್ಜಿಸಿತು. ಅವುಗಳ ಜಾಗದಲ್ಲಿ ಒಂದೊಂದು ಕ್ಷೇತ್ರಕ್ಕೆ ಒಂದೇ ಒಂದು ಅಧಿಕೃತ ಸಂಘ ಬಂದಿತು. 1934ರ ಲೇಖಕರ ಸಮಾವೇಶದ ಹೊತ್ತಿಗೆ ಆ ಸಂಘಗಳಿಗೆಲ್ಲ 'ಸಮಾಜವಾದಿ ವಾಸ್ತವವಾದ' ಎಂಬ ಒಂದೇ ಶೈಲಿಯೂ ಗೊತ್ತಾಯಿತು. ಇದನ್ನು ಕೇವಲ ಸೆನ್ಸಾರ್ ಎಂದು ತಿಳಿದರೆ ವಿಷಯದ ಅರ್ಧವಷ್ಟೇ ತಿಳಿದಂತಾಗುತ್ತದೆ. ಸೆನ್ಸಾರ್ ಎಂದರೆ ಬರೆದ ಮೇಲೆ ತಡೆಯುವುದು. ಇಲ್ಲಿದ್ದ ವ್ಯವಸ್ಥೆ ಬರೆಯುವ ಮೊದಲೇ ಕೆಲಸ ಮಾಡುತ್ತಿತ್ತು. ಚಿತ್ರಗಳನ್ನು ಕೊಳ್ಳುವ ಸಂಸ್ಥೆಗಳು, ತೂಗುಹಾಕುವ ಗೋಡೆಗಳು, ಚಿತ್ರಶಾಲೆಗೆ ಬೇಕಾದ ಕೋಣೆ, ಒಳ್ಳೆಯ ಬಣ್ಣ ಮತ್ತು ಕ್ಯಾನ್ವಾಸ್ ಸಿಗುವ ಅಂಗಡಿ, ಎಲ್ಲವೂ ಕಲಾವಿದರ ಸಂಘದ ಸದಸ್ಯತ್ವಕ್ಕೆ ಗಂಟುಬಿದ್ದಿದ್ದವು. ಸದಸ್ಯನಲ್ಲದವನು ಚಿತ್ರ ಬರೆಯಬಾರದೆಂದು ಯಾವ ಕಾನೂನೂ ಹೇಳಲಿಲ್ಲ. ಅವನು ಕಾನೂನಿನ ಲೆಕ್ಕದಲ್ಲಿ ಚಿತ್ರಕಾರನೇ ಆಗಿರಲಿಲ್ಲ, ಅಷ್ಟೆ. ಬೇರೆ ಉದ್ಯೋಗವೂ ಇಲ್ಲದಿದ್ದರೆ 1961ರ ಕಾಯ್ದೆಯ ಪ್ರಕಾರ ಅವನು 'ಪರೋಪಜೀವಿ', ಅಂದರೆ ದುಡಿಯದೆ ಸಮಾಜದ ಅನ್ನ ತಿನ್ನುವವನು. ಅದು ಶಿಕ್ಷಾರ್ಹ ಅಪರಾಧ. ಕವಿ ಜೋಸೆಫ್ ಬ್ರಾಡ್‌ಸ್ಕಿ 1964ರಲ್ಲಿ ಶಿಕ್ಷೆಗೊಳಗಾದದ್ದು ಇದೇ ಆರೋಪದ ಮೇಲೆ.

ಈ ಚೌಕಟ್ಟಿಗೆ ಒಗ್ಗಿಕೊಳ್ಳದೆ ಉಳಿದ ಕಲಾವಿದರನ್ನು ಪಶ್ಚಿಮದ ವಿಮರ್ಶಕರು 'ನಾನ್‌ಕನ್ಫಾರ್ಮಿಸ್ಟ್' ಎಂದು ಕರೆದರು. ಅವರೆಲ್ಲರದೂ ಒಂದೇ ಪಂಥವೆಂದು ಭಾವಿಸಬಾರದು. ಅಮೂರ್ತ ಚಿತ್ರ ಬರೆದವರು, ಇಸ್ಪೀಟೆಲೆಗಳನ್ನು ಬರೆದವರು, ಧಾರ್ಮಿಕ ವಸ್ತುಗಳನ್ನು ಎತ್ತಿಕೊಂಡವರು, ಸೋವಿಯತ್ ಘೋಷಣೆಗಳನ್ನೇ ಅಣಕಿಸಿದವರು, ಹೀಗೆ ಒಬ್ಬರಿಗೊಬ್ಬರು ಹೋಲಿಕೆಯೇ ಇಲ್ಲದವರು ಅದರಲ್ಲಿದ್ದರು. ಅವರನ್ನು ಒಂದೇ ಗುಂಪಾಗಿ ಮಾಡಿದ್ದು ಅವರ ಶೈಲಿಗಿಂತ ಹೆಚ್ಚಾಗಿ ಅವರನ್ನು ಹೊರಗಿಟ್ಟ ಬಾಗಿಲು.

ರಾಬಿನ್ ಹುಟ್ಟಿದ್ದು 1928ರ ಜನವರಿ 2ರಂದು, ಮಾಸ್ಕೋದಲ್ಲಿ. ತಂದೆ ಉಕ್ರೇನಿನ ಯಹೂದಿ, ತಾಯಿ ಲಾಟ್ವಿಯಾದವರು, ಇಬ್ಬರೂ ವೈದ್ಯರು. ಬಾಲ್ಯದಲ್ಲೇ ತಂದೆಯನ್ನೂ, ಯುದ್ಧದ ಆರಂಭದ ದಿನಗಳಲ್ಲಿ ತಾಯಿಯನ್ನೂ ಕಳೆದುಕೊಂಡ ಹುಡುಗನಿಗೆ ದಿಕ್ಕಾದವರು ಯೆವ್ಗೆನಿ ಕ್ರೊಪಿವ್ನಿತ್ಸ್ಕಿ ಎಂಬ ಕವಿ-ಚಿತ್ರಕಾರ. ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತಿದ್ದ, ಬಡತನದಲ್ಲಿಯೂ ನಗುವುದನ್ನು ಮರೆಯದ ಈ ಮೇಷ್ಟ್ರ ಮನೆ ಮುಂದೆ ರಾಬಿನ್ ಅವರ ಸ್ವಂತ ಮನೆಯೇ ಆಯಿತು. ಅವರ ಮಗಳು, ಚಿತ್ರಕಲಾವಿದೆ ವಲೆಂತೀನಾ, 1950ರಲ್ಲಿ ರಾಬಿನ್ ಅವರ ಮಡದಿಯಾದರು. ನಡುವೆ ರೀಗಾದ ಕಲಾ ಅಕಾಡೆಮಿಯಲ್ಲಿ ಎರಡು ವರ್ಷ, ಮಾಸ್ಕೋದ ಸುರಿಕೋವ್ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಓದು ನಡೆಯಿತು; 'ರೂಪವಾದಿ', ಅಂದರೆ ವಸ್ತುವಿಗಿಂತ ರೂಪಕ್ಕೆ ಬೆಲೆ ಕೊಡುವವನು, ಎಂಬ ಹಣೆಪಟ್ಟಿಯೊಂದಿಗೆ ಅಲ್ಲಿಂದ ಹೊರಬಿದ್ದರು. ಮುಂದಿನ ಏಳೆಂಟು ವರ್ಷ ಅವರು ರೈಲ್ವೆ ವ್ಯಾಗನ್‌ಗಳಿಂದ ಸರಕು ಇಳಿಸುವವರ ಮೇಸ್ತ್ರಿಯಾಗಿದ್ದರು. ಇಳಿಸುತ್ತಿದ್ದವರು ಶ್ರಮಶಿಬಿರದ ಕೈದಿಗಳು. ರಾಬಿನ್ ಅವರ ಚಿತ್ರಗಳಲ್ಲಿನ ಬಣ್ಣ ಎಲ್ಲಿಂದ ಬಂತೆಂದು ಕೇಳುವವರು ಆ ಹಗಲು ರಾತ್ರಿಗಳ ಪಾಳಿಯನ್ನು ಮರೆಯಬಾರದು.

ಮಾಸ್ಕೋದ ಉತ್ತರದ ಅಂಚಿನಲ್ಲಿ, ಸವ್ಯೋಲೊವೊ ರೈಲುದಾರಿಯ ಮೇಲೆ ಲಿಯಾನೊಜೊವೊ ಎಂಬ ಸಣ್ಣ ವಸತಿಯಿತ್ತು. ಅಲ್ಲಿನ ಒಂದು ಮರದ ಬ್ಯಾರಕ್ಕಿನ ಒಂದು ಕೋಣೆ ರಾಬಿನ್ ದಂಪತಿಗಳ ಸಂಸಾರಕ್ಕೆ ಸಿಕ್ಕಿತು. ಬ್ಯಾರಕ್ಕೆಂದರೆ ಉದ್ದನೆಯ ಓಣಿ, ಎರಡೂ ಕಡೆ ಒಂದೊಂದು ಕುಟುಂಬಕ್ಕೆ ಒಂದೊಂದು ಕೋಣೆ, ತೆಳುಗೋಡೆಯಾಚೆಯ ಜಗಳ ಈಚೆಗೆ ಪೂರ್ತಿ ಕೇಳುವ ಮನೆ. ಐವತ್ತರ ದಶಕದ ಕೊನೆಯಲ್ಲಿ, ಸ್ಟಾಲಿನ್ ಸತ್ತು ಕ್ರುಶ್ಚೇವ್ ಕಾಲದ ಸಡಿಲಿಕೆ ಆರಂಭವಾದಾಗ, ರಾಬಿನ್ ಒಂದು ಸರಳವಾದ, ಆ ದೇಶದ ಮಟ್ಟಿಗೆ ಅಪೂರ್ವವಾದ ಕೆಲಸ ಮಾಡಿದರು. ಭಾನುವಾರ ಯಾರು ಬೇಕಾದರೂ ಬಂದು ಚಿತ್ರ ನೋಡಬಹುದೆಂದು ಮನೆಯ ಬಾಗಿಲು ತೆರೆದಿಟ್ಟರು. ಜನ ಮಾಸ್ಕೋದಿಂದ ರೈಲು ಹತ್ತಿ ಬಂದರು. ಗೆನ್ರಿಖ್ ಸಪ್ಗೀರ್, ಇಗೋರ್ ಖೋಲಿನ್, ವ್ಸೆವೊಲೊದ್ ನೆಕ್ರಾಸೊವ್ ಮುಂತಾದ ಕವಿಗಳು ಪ್ರಕಟಣೆಯ ಆಸೆಯಿಲ್ಲದೆ ಬರೆದ ಕವಿತೆಗಳನ್ನು ಅಲ್ಲಿ ಓದಿದರು. ವ್ಲದೀಮಿರ್ ನೆಮೂಖಿನ್, ಲಿದಿಯಾ ಮಾಸ್ತೆರ್ಕೋವಾ, ನಿಕೊಲಾಯ್ ವೆಚ್ತೋಮೊವ್ ತಮ್ಮ ಚಿತ್ರಗಳನ್ನು ತಂದು ಗೋಡೆಗೆ ಒರಗಿಸಿದರು. ಕವಿತೆಯಲ್ಲಿ ಖೋಲಿನ್ ಬ್ಯಾರಕ್ಕಿನ ಮಂದಿಯ ಕುಡಿತ, ಹೊಡೆದಾಟ, ಸಾವುಗಳನ್ನು ಪೊಲೀಸ್ ವರದಿಯಷ್ಟು ನಿರ್ಲಿಪ್ತವಾಗಿ ಹೇಳುತ್ತಿದ್ದದ್ದಕ್ಕೂ ಬಣ್ಣದಲ್ಲಿ ರಾಬಿನ್ ಮಾಡುತ್ತಿದ್ದದ್ದಕ್ಕೂ ನೇರ ಸಂಬಂಧವಿದೆ.

ಈ ಕೂಟವನ್ನು ಅಧಿಕಾರಿಗಳು 'ಲಿಯಾನೊಜೊವೊ ಗುಂಪು' ಎಂದು ಕರೆದು, ಅದನ್ನು ಸಂಘಟಿಸಿದ ಆರೋಪದ ಮೇಲೆ 1963ರಲ್ಲಿ ವೃದ್ಧ ಕ್ರೊಪಿವ್ನಿತ್ಸ್ಕಿಯವರನ್ನು ಕಲಾವಿದರ ಸಂಘದಿಂದ ಹೊರಹಾಕಿದರು. ಅದಕ್ಕೆ ಅವರು ಕೊಟ್ಟ ಲಿಖಿತ ವಿವರಣೆ ಸೋವಿಯತ್ ಕಡತಗಳಲ್ಲಿ ಸಿಗುವ ಅಪರೂಪದ ಹಾಸ್ಯಗಳಲ್ಲೊಂದು: ತಮ್ಮ ಗುಂಪಿನಲ್ಲಿ ಇರುವವರು ತಮ್ಮ ಹೆಂಡತಿ, ಮಗ, ಮಗಳು, ಅಳಿಯ ಮತ್ತು ಮೊಮ್ಮಕ್ಕಳು ಎಂದು ಅವರು ಪಟ್ಟಿ ಮಾಡಿದ್ದರು.

ಇನ್ನು ಚಿತ್ರಗಳ ವಿಷಯಕ್ಕೆ ಬರೋಣ. 1957ರಲ್ಲಿ ಮಾಸ್ಕೋದಲ್ಲಿ ನಡೆದ ವಿಶ್ವ ಯುವಜನ ಮತ್ತು ವಿದ್ಯಾರ್ಥಿ ಉತ್ಸವದ ಕಲಾಪ್ರದರ್ಶನದಲ್ಲಿ ರಾಬಿನ್ ಅವರ ಒಂದು ಮೋನೋಟೈಪಿಗೆ (ಫಲಕದ ಮೇಲೆ ಬರೆದು ಒಂದೇ ಪ್ರತಿ ಅಚ್ಚು ತೆಗೆಯುವ ಚಿತ್ರ) ಪ್ರಶಸ್ತಿಪತ್ರ ದೊರೆಯಿತು. ಅದರ ಬಲದಿಂದ ಅವರಿಗೆ ಅಲಂಕಾರ ಕಲೆಯ ಒಂದು ಸರ್ಕಾರಿ ಸಂಸ್ಥೆಯಲ್ಲಿ ಕೆಲಸ ಸಿಕ್ಕಿ, ವ್ಯಾಗನ್ ಮೇಸ್ತ್ರಿಯ ನೌಕರಿ ಬಿಡಲು ಸಾಧ್ಯವಾಯಿತು. ಆ ಸುಮಾರಿಗೆ ಅವರು ಮಕ್ಕಳ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ಬರೆಯುವುದನ್ನೂ ಪ್ರಯತ್ನಿಸಿದ್ದರು. ಮಗು ಮನೆ ಬರೆದರೆ ಅದು ಓರೆಯಾಗಿರುತ್ತದೆ, ವಸ್ತುಗಳ ಅಳತೆ ಕಣ್ಣಿನ ಲೆಕ್ಕಕ್ಕೆ ಬದಲು ಮನಸ್ಸಿನ ಲೆಕ್ಕದಲ್ಲಿರುತ್ತದೆ. ಈ ಓರೆ, ಈ ಅಳತೆ ರಾಬಿನ್ ಅವರ ಪ್ರೌಢ ಚಿತ್ರಗಳಲ್ಲಿ ಕೊನೆಯವರೆಗೂ ಉಳಿದವು. ಮನೆಗಳು ವಾಲಿಕೊಂಡು ನಿಂತಿವೆ. ಅವುಗಳ ಮುಂದೆ, ಅವುಗಳಿಗಿಂತ ದೊಡ್ಡದಾಗಿ, ಒಂದು ಉಪ್ಪುಹಾಕಿದ ಹೆರಿಂಗ್ ಮೀನೋ ವೊಡ್ಕಾ ಬಾಟಲಿಯೋ ಒಂದು ರೂಬಲ್ ನೋಟೋ ಬಂದು ಕೂತಿದೆ. ಕಪ್ಪು ಬಾಹ್ಯರೇಖೆ ದಪ್ಪ, ಬಣ್ಣದ ಲೇಪ ಒರಟು, ಕಂದು, ಬೂದಿ ಮತ್ತು ಮಣ್ಣಿನ ಹಳದಿಗಳೇ ಎಲ್ಲೆಡೆ. ಈ ಕತ್ತಲೆಯ ನಡುವೆ ಎಲ್ಲೋ ಒಂದು ಕಿಟಕಿಯಲ್ಲಿ ಮಾತ್ರ ದೀಪ ಉರಿಯುತ್ತಿರುತ್ತದೆ. ಅವರನ್ನು ಕತ್ತಲೆಯ ಚಿತ್ರಕಾರ ಎನ್ನುವವರು ಆ ಕಿಟಕಿಗಳನ್ನು ಎಣಿಸಿ ನೋಡಿಲ್ಲವೆಂದು ನನಗನ್ನಿಸುತ್ತದೆ.

1958ರ 'ಕಸದಗುಂಡಿ ನಂಬರ್ 8', 1959ರ 'ನಗರ ಮತ್ತು ಚಂದ್ರ', 1968ರ 'ಮೀನು ಮತ್ತು ಪ್ರಾವ್ದಾ ಪತ್ರಿಕೆ ಇರುವ ಸ್ಥಿರಚಿತ್ರ', 1969ರ 'ಸ್ಮಶಾನದಲ್ಲಿ ಪಿಟೀಲು': ಹೆಸರುಗಳೇ ಅವರ ಲೋಕದ ಪರಿಚಯ ಮಾಡಿಕೊಡುತ್ತವೆ. ಪ್ರಾವ್ದಾ ಎಂದರೆ 'ಸತ್ಯ', ಪಕ್ಷದ ಮುಖಪತ್ರಿಕೆ. ರಷ್ಯಾದ ಯಾವ ಬಡ ಅಡುಗೆಮನೆಯಲ್ಲಾದರೂ ಮೀನನ್ನು ಹಳೆಯ ಪತ್ರಿಕೆಯ ಮೇಲೆ ಹರಡಿ ಶುಚಿ ಮಾಡುವುದು ವಾಡಿಕೆ, ಮೇಜಿಗೆ ಹಾಸುವುದೂ ಅದನ್ನೇ. ರಾಬಿನ್ ಕಂಡದ್ದನ್ನು ಬರೆದರು. ಅದರಲ್ಲಿ ವ್ಯಂಗ್ಯವಿದ್ದರೆ ಅದು ಅಡುಗೆಮನೆಯಲ್ಲಿ ಮೊದಲೇ ಇತ್ತು. ತಾವು ರಾಜಕೀಯದ ಚಿತ್ರಕಾರನಲ್ಲ, ಸುತ್ತಲಿನ ಬದುಕನ್ನು ಬರೆಯುವವನು ಎಂದು ಅವರು ಮುಂದೆ ಮತ್ತೆ ಮತ್ತೆ ಹೇಳುತ್ತಿದ್ದರು. ಇದನ್ನು ಜಾಣತನದ ತಪ್ಪಿಸಿಕೊಳ್ಳುವಿಕೆಯೆಂದು ತಳ್ಳಿಹಾಕುವಂತಿಲ್ಲ. ಅಧಿಕೃತ ಚಿತ್ರಗಳಲ್ಲಿ ಬ್ಯಾರಕ್ಕುಗಳೇ ಇರಲಿಲ್ಲ, ಕಸದಗುಂಡಿಗಳಿರಲಿಲ್ಲ, ಕುಡುಕರಿರಲಿಲ್ಲ. ಆ ಕಾಲದಲ್ಲಿ ಕನ್ನಡದಲ್ಲೂ ನಮ್ಮ ಮನೆಗಳಿಗೆ ಬರುತ್ತಿದ್ದ ನುಣುಪು ಹಾಳೆಯ ಸೋವಿಯತ್ ಸಚಿತ್ರ ಪತ್ರಿಕೆಗಳನ್ನು ನೆನಪಿಸಿಕೊಳ್ಳುವವರಿಗೆ ಆ ರಷ್ಯಾದ ನಗುಮೊಗದ ರೈತಮಹಿಳೆಯರೂ ಹೊಳೆಯುವ ಟ್ರ್ಯಾಕ್ಟರುಗಳೂ ಇನ್ನೂ ಕಣ್ಣಿಗೆ ಕಟ್ಟಿರಬಹುದು. ಇಲ್ಲವೆಂದು ಸರ್ಕಾರ ಹೇಳಿದ ವಸ್ತುವನ್ನು ಇದೆಯೆಂದು ತೋರಿಸುವುದೇ ಅಲ್ಲಿ ರಾಜಕೀಯವಾಯಿತು. ಅದನ್ನು ರಾಜಕೀಯವಾಗಿ ಮಾಡಿದವರು ತೋರಿಸಿದವರಲ್ಲ.

1960ರಲ್ಲಿ ಮಾಸ್ಕೋದ ಯುವಜನ ಪತ್ರಿಕೆಯೊಂದು 'ಎಂಟನೇ ನಂಬರಿನ ಕಸದಗುಂಡಿಯ ಪೂಜಾರಿಗಳು' ಎಂಬ ತಲೆಬರಹದಲ್ಲಿ ಅವರನ್ನು ಜರೆಯಿತು. 1962ರ ಡಿಸೆಂಬರ್ 1ರಂದು ಮಾನೇಜ್ ಸಭಾಂಗಣದ ಪ್ರದರ್ಶನಕ್ಕೆ ಬಂದ ಕ್ರುಶ್ಚೇವ್ ಹೊಸ ಕಲಾವಿದರ ಮೇಲೆ ಕೂಗಾಡಿದ ಮೇಲೆ (ಅದರಲ್ಲಿ ರಾಬಿನ್ ಅವರ ಚಿತ್ರಗಳಿರಲಿಲ್ಲ) ಸಡಿಲಿಕೆಯ ಬಾಗಿಲು ಮತ್ತೆ ಮುಚ್ಚಿಕೊಂಡಿತು. ಆದರೆ ಬೇರೊಂದು ಕಿಂಡಿ ತೆರೆದಿತ್ತು. ಮಾಸ್ಕೋದಲ್ಲಿದ್ದ ವಿದೇಶಿ ರಾಜತಾಂತ್ರಿಕರು ಮತ್ತು ಪತ್ರಕರ್ತರು ಈ ಚಿತ್ರಗಳನ್ನು ಕೊಳ್ಳತೊಡಗಿದರು. ಸೂಟ್‌ಕೇಸಿನಲ್ಲಿ ಹಿಡಿಸುವ ಗಾತ್ರದ ಕ್ಯಾನ್ವಾಸುಗಳಿಗೆ ಬೇಡಿಕೆ ಹೆಚ್ಚು ಎಂಬ ಮಾತು ಆ ವಲಯದಲ್ಲಿತ್ತು, ಅದರಲ್ಲಿ ಸ್ವಲ್ಪ ಗೇಲಿಯೂ ಸ್ವಲ್ಪ ನಿಜವೂ ಇತ್ತು. 1965ರಲ್ಲಿ ಲಂಡನ್ನಿನ ಗ್ರಾವನರ್ ಗ್ಯಾಲರಿಯಲ್ಲಿ ರಾಬಿನ್ ಅವರ ಏಕವ್ಯಕ್ತಿ ಪ್ರದರ್ಶನ ನಡೆಯಿತು; ಬರೆದವರು ಮಾಸ್ಕೋದಲ್ಲೇ ಇದ್ದರು. ಸ್ವದೇಶದಲ್ಲಿ ಒಂದು ಗೋಡೆ ಸಿಗದವರ ಚಿತ್ರ ಲಂಡನ್ನಿನಲ್ಲಿ ತೂಗುತ್ತಿತ್ತು. ಸ್ವದೇಶದ ಪತ್ರಿಕೆಗಳು ಅದನ್ನು ದ್ರೋಹದ ಲೆಕ್ಕಕ್ಕೆ ಬರೆದುಕೊಂಡವು. 1967ರ ಜನವರಿಯಲ್ಲಿ ಮಾಸ್ಕೋದ ಕಾರ್ಮಿಕರ ಕ್ಲಬ್ಬೊಂದರಲ್ಲಿ ರಾಬಿನ್ ಮತ್ತು ಗೆಳೆಯರ ಚಿತ್ರಗಳನ್ನು ಕವಿ ಅಲೆಕ್ಸಾಂದರ್ ಗ್ಲೇಜರ್ ಪ್ರದರ್ಶಿಸಿದಾಗ ಅದನ್ನು ಮುಚ್ಚಿಸಲು ಅಧಿಕಾರಿಗಳಿಗೆ ಎರಡು ಗಂಟೆ ಸಾಕಾಯಿತು.

ಸಭಾಂಗಣ ಸಿಗುವುದಿಲ್ಲವೆಂದಾದರೆ ಬಯಲು ಇದೆಯಲ್ಲ ಎಂಬ ಯೋಚನೆ ಬಂದದ್ದು ಹೀಗೆ. ಬಯಲಿನಲ್ಲಿ ಚಿತ್ರ ಹಿಡಿದು ನಿಲ್ಲಬಾರದೆಂಬ ಕಾನೂನಿರಲಿಲ್ಲ. 1974ರ ಸೆಪ್ಟೆಂಬರ್ ಆರಂಭದಲ್ಲಿ ರಾಬಿನ್ ಮತ್ತು ಸಂಗಡಿಗರು ಮಾಸ್ಕೋ ನಗರಾಡಳಿತಕ್ಕೆ ಪತ್ರ ಬರೆದು, ಇಂಥ ದಿನ ಇಂಥ ಕಡೆ ಬಯಲು ಪ್ರದರ್ಶನ ನಡೆಸುತ್ತೇವೆಂದು ತಿಳಿಸಿದರು. ಆಡಳಿತ ಅನುಮತಿಯನ್ನೂ ಕೊಡಲಿಲ್ಲ, ನಿಷೇಧವನ್ನೂ ಹೇರಲಿಲ್ಲ. ಸೆಪ್ಟೆಂಬರ್ 15ರ ಭಾನುವಾರ, ತುಂತುರು ಮಳೆಯಲ್ಲಿ, ನಗರದ ನೈಋತ್ಯದ ಬೆಲ್ಯಾಯೆವೊ ಬಡಾವಣೆಯ ಖಾಲಿ ಜಾಗಕ್ಕೆ ಅವರು ಚಿತ್ರಗಳನ್ನು ಹೊತ್ತು ಬಂದಾಗ ಅಲ್ಲಿ ಬುಲ್ಡೋಜರುಗಳು, ಲಾರಿಗಳು, ರಸ್ತೆ ತೊಳೆಯುವ ನೀರಿನ ಗಾಡಿಗಳು ಕಾದಿದ್ದವು. ಉದ್ಯಾನ ಮಾಡಲು ಸ್ವಯಂಸೇವಕರು ಶ್ರಮದಾನಕ್ಕೆ ಬಂದಿದ್ದಾರೆಂಬುದು ಅಧಿಕೃತ ವಿವರಣೆ. ಆ 'ಸ್ವಯಂಸೇವಕರು' ಕೈಗೆ ಸಿಕ್ಕ ಚಿತ್ರಗಳನ್ನು ಕಸಿದು ಹರಿದರು, ಕೆಸರಿಗೆ ಎಸೆದರು. ಬುಲ್ಡೋಜರುಗಳು ಅವುಗಳ ಮೇಲೆ ಹರಿದವು. ಪ್ರದರ್ಶನವೆಂಬುದು ಕೆಲವೇ ನಿಮಿಷಗಳಲ್ಲಿ ಮುಗಿದುಹೋಯಿತು. ರಾಬಿನ್ ಬುಲ್ಡೋಜರಿನ ಮುಂಭಾಗದ ಅಲಗನ್ನು ಎರಡೂ ಕೈಗಳಿಂದ ಹಿಡಿದು, ಕಾಲುಗಳನ್ನು ಮೇಲೆತ್ತಿಕೊಂಡು ಜೋತುಬಿದ್ದರು. ಯಂತ್ರ ಅವರನ್ನು ಹಾಗೆಯೇ ಮುಂದಕ್ಕೆ ಒಯ್ಯಿತು. ಅವರನ್ನೂ ಮಗ ಅಲೆಕ್ಸಾಂದರನನ್ನೂ ಸೇರಿಸಿ ಹಲವರನ್ನು ಪೊಲೀಸರು ಹಿಡಿದೊಯ್ದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರ ಕ್ರಿಸ್ಟೋಫರ್ ರೆನ್ ಅವರ ಮುಖಕ್ಕೆ ಅವರದೇ ಕ್ಯಾಮೆರಾದಿಂದ ಗುದ್ದಿ ಹಲ್ಲು ಮುರಿಯಲಾಯಿತು.

ಆ ಗುದ್ದು ಸರ್ಕಾರಕ್ಕೆ ದುಬಾರಿಯಾಯಿತು. ಅಮೆರಿಕದೊಂದಿಗೆ ಸಂಬಂಧ ಸುಧಾರಣೆಯ ಮಾತುಕತೆ ನಡೆಯುತ್ತಿದ್ದ ದಿನಗಳಲ್ಲಿ ಚಿತ್ರಗಳ ಮೇಲೆ ಬುಲ್ಡೋಜರ್ ಹರಿಸಿದ ಸುದ್ದಿ ಪ್ರಪಂಚದ ಪತ್ರಿಕೆಗಳ ಮುಖಪುಟಕ್ಕೆ ಬಂತು. ಎರಡು ವಾರ ಕಳೆದು, ಸೆಪ್ಟೆಂಬರ್ 29ರಂದು, ಇಜ್ಮಾಯ್ಲೊವೊ ಉದ್ಯಾನದಲ್ಲಿ ಅದೇ ಕಲಾವಿದರಿಗೆ ಪ್ರದರ್ಶನಕ್ಕೆ ಅನುಮತಿ ಸಿಕ್ಕಿತು. ಬಿಸಿಲಿತ್ತು, ಸಾವಿರಾರು ಜನ ಸೇರಿದ್ದರು, ನಾಲ್ಕು ಗಂಟೆಗಳ ಕಾಲ ಯಾರೂ ಯಾರನ್ನೂ ತಡೆಯಲಿಲ್ಲ. ಮರುವರ್ಷ ರಾಷ್ಟ್ರೀಯ ಸಾಧನೆಗಳ ವಸ್ತುಪ್ರದರ್ಶನ ಮೈದಾನದ 'ಜೇನುಸಾಕಣೆ' ಮಂಟಪದಲ್ಲಿ ಇನ್ನೊಂದು ಪ್ರದರ್ಶನವಾಯಿತು. ಚಿತ್ರಕಲೆಗೆ ಜೇನುಹುಳುಗಳ ಜಾಗ ಕೊಟ್ಟದ್ದು ಅವಮಾನಿಸಲೆಂದೋ ಅಲ್ಲವೋ, ಜನ ಮಾತ್ರ ಚಳಿಯಲ್ಲಿ ಸರತಿಯಲ್ಲಿ ನಿಂತು ನೋಡಿದರು.

ಆದರೆ ಅನುಮತಿ ಎಂದರೆ ಕ್ಷಮೆ ಆಗಿರಲಿಲ್ಲ. ತಲೆಯಾಳುಗಳನ್ನು ಒಬ್ಬೊಬ್ಬರನ್ನಾಗಿ ದೇಶದಿಂದ ಹೊರದಬ್ಬುವ ಕೆಲಸ ಸದ್ದಿಲ್ಲದೆ ನಡೆಯಿತು. ಗ್ಲೇಜರ್ 1975ರಲ್ಲಿ ಹೊರಟುಹೋಗಿ, ಪ್ಯಾರಿಸ್ಸಿನ ಬಳಿಯ ಮೋಂಜೆರೋನಿನಲ್ಲಿ ದೇಶಭ್ರಷ್ಟ ರಷ್ಯನ್ ಕಲೆಗಾಗಿ ಒಂದು ಸಂಗ್ರಹಾಲಯವನ್ನೇ ತೆರೆದರು. ಮಾಸ್ತೆರ್ಕೋವಾ ಅದೇ ವರ್ಷ, ಶಿಲ್ಪಿ ಎರ್ನ್‌ಸ್ಟ್ ನೆಯಿಜ್ವೆಸ್ತ್ನಿ 1976ರಲ್ಲಿ, ಚಿತ್ರಕಾರ ಒಲೆಗ್ ತ್ಸೆಲ್ಕೊವ್ 1977ರಲ್ಲಿ ಹೋದರು. ಬುಲ್ಡೋಜರ್ ಪ್ರದರ್ಶನದಲ್ಲಿ ರಾಬಿನ್ ಅವರ ಜತೆಗಿದ್ದ ಯೆವ್ಗೆನಿ ರೂಖಿನ್ 1976ರ ಮೇ ತಿಂಗಳಲ್ಲಿ ಲೆನಿನ್‌ಗ್ರಾದಿನ ತಮ್ಮ ಚಿತ್ರಶಾಲೆಯ ಬೆಂಕಿಯಲ್ಲಿ ಸತ್ತರು. ಆ ಸಾವಿನ ಮೇಲಿನ ಅನುಮಾನ ಗೆಳೆಯರ ಮನಸ್ಸಿನಿಂದ ಹೋಗಲಿಲ್ಲ. 1977ರಲ್ಲಿ ರಾಬಿನ್ ಅವರನ್ನು ಪರೋಪಜೀವಿತ್ವದ ಆರೋಪದ ಮೇಲೆ ಬಂಧಿಸಿದರು. ಸಂಸಾರ ಸಮೇತ ಯುರೋಪಿಗೆ ಪ್ರವಾಸಿಯಾಗಿ ಹೋಗಿಬನ್ನಿ ಎಂಬ ಸೂಚನೆ ಅದರ ಬೆನ್ನಿಗೇ ಬಂತು. 1978ರ ಜನವರಿಯಲ್ಲಿ ಮಡದಿ ಮತ್ತು ಮಗನೊಂದಿಗೆ, ಹಿಂತಿರುಗುವ ವೀಸಾ ಹಿಡಿದು, ಅವರು ಪ್ಯಾರಿಸ್ಸಿಗೆ ಹೊರಟರು.

ದೇಶಭ್ರಷ್ಟತೆ ಎಂದರೆ ನಮ್ಮ ಕಲ್ಪನೆಗೆ ಬರುವುದು ಗಡಿಯಾಚೆ ನೂಕುವ ದೃಶ್ಯ. ಇಲ್ಲಿ ನಡೆದದ್ದು ಬೇರೆ. ಅದೇ ವರ್ಷದ ಜೂನ್‌ನಲ್ಲಿ ಪ್ಯಾರಿಸ್ಸಿನ ಸೋವಿಯತ್ ರಾಯಭಾರ ಕಚೇರಿಗೆ ಅವರನ್ನು ಕರೆಸಿ, ಸುಪ್ರೀಂ ಸೋವಿಯತ್ ಎಂಬ ಅಲ್ಲಿನ ಸಂಸತ್ತಿನ ಅಧ್ಯಕ್ಷ ಮಂಡಲಿಯ ಆಜ್ಞೆಯೊಂದರ ಮೂಲಕ ಅವರ ಪೌರತ್ವ ರದ್ದಾಗಿದೆ ಎಂದು ತಿಳಿಸಿದರು. ಸೋವಿಯತ್ ಪ್ರಜೆಯ ಹೆಸರಿಗೆ ಕಳಂಕ ತಂದದ್ದು ಕಾರಣ. ಚೆಲ್ಲೊ ವಾದಕ ರೊಸ್ತ್ರೊಪೊವಿಚ್ ಮತ್ತು ಅವರ ಪತ್ನಿ, ಗಾಯಕಿ ವಿಶ್ನೆವ್ಸ್ಕಾಯಾ ಅವರಿಗೆ ಕೆಲವೇ ತಿಂಗಳ ಹಿಂದೆ ಇದೇ ರೀತಿ ಮಾಡಲಾಗಿತ್ತು. ವಿಚಾರಣೆ, ವಾದ, ಮೇಲ್ಮನವಿ ಯಾವುದೂ ಇರಲಿಲ್ಲ. ಆರು ವರ್ಷ ಹಿಂದೆ ತಾವು ಕ್ಯಾನ್ವಾಸಿನ ಮೇಲೆ ದೊಡ್ಡದಾಗಿ ಬರೆದಿದ್ದ ಆ ಪುಸ್ತಿಕೆ ಈಗ ರಾಬಿನ್ ಅವರಿಗೆ ಚಿತ್ರದಲ್ಲಿ ಮಾತ್ರ ಉಳಿಯಿತು. ಅವರಿಗಾಗ ಐವತ್ತು ವರ್ಷ. ಫ್ರೆಂಚ್ ಭಾಷೆ ಬರುತ್ತಿರಲಿಲ್ಲ.

ಪ್ಯಾರಿಸ್ಸಿನಲ್ಲಿ ಅವರ ಚಿತ್ರಶಾಲೆ ಇದ್ದದ್ದು ಪೊಂಪಿದು ಕಲಾಕೇಂದ್ರದ ಹತ್ತಿರದಲ್ಲೇ, ಸಮಕಾಲೀನ ಕಲೆಯ ರಾಜಧಾನಿಯ ಹೃದಯದಲ್ಲಿ. ಆದರೆ ಅಲ್ಲಿನ ಹೊಸ ಪಂಥಗಳ ಕಡೆ ಅವರು ತಿರುಗಲಿಲ್ಲ. ಪ್ಯಾರಿಸ್ಸಿನ ಬೀದಿಗಳನ್ನು ಬರೆದರು. ಅವೂ ಓರೆಯಾದವು, ಅವಕ್ಕೂ ಲಿಯಾನೊಜೊವೊದ ಮಂಕು ಬೆಳಕು ಬಿತ್ತು. ಹೆರಿಂಗ್ ಜಾಗಕ್ಕೆ ಫ್ರಾನ್ಸಿನ ಬಾಟಲಿ, ಭಿತ್ತಿಪತ್ರ, ಪತ್ರಿಕೆಗಳು ಬಂದವು, ಕಾಗದದ ತುಣುಕುಗಳನ್ನು ಅಂಟಿಸುವ ಕೊಲಾಜಿನ ಬಳಕೆ ಹೆಚ್ಚಿತು. ನಡುನಡುವೆ ಹಿಮ ಹೊದ್ದ ರಷ್ಯಾದ ಹಳ್ಳಿ ನೆನಪಿನಿಂದ ಎದ್ದು ಬಂತು. ಪಶ್ಚಿಮದಲ್ಲಿ ಅವರ ಶೈಲಿ ಬೆಳೆಯಲಿಲ್ಲ, ತಾನು ಬಿಟ್ಟುಬಂದದ್ದನ್ನೇ ಅವರು ಬರೆಯುತ್ತ ಹೋದರು ಎಂಬ ಟೀಕೆ ಇದೆ. ಟೀಕೆಯಲ್ಲಿ ಹುರುಳಿಲ್ಲದಿಲ್ಲ: ಅರವತ್ತರ ದಶಕದ ಚಿತ್ರಗಳಲ್ಲಿರುವ ಬಿಗಿ ನಂತರದ ಎಲ್ಲ ಚಿತ್ರಗಳಲ್ಲಿ ಇಲ್ಲ. ಎದುರಿಗೆ ತಡೆಗೋಡೆ ಇದ್ದಾಗ ಒಂದು ಮೀನಿಗೂ ಬರುತ್ತಿದ್ದ ತೂಕ, ಏನನ್ನು ಬರೆದರೂ ಯಾರೂ ಕೇಳದ ಊರಿನಲ್ಲಿ ತಾನಾಗಿ ಬರುವುದಿಲ್ಲ. ಆದರೂ ಪ್ಯಾರಿಸ್ಸಿನ ಬೂದುಬಣ್ಣದ ಆಕಾಶವನ್ನು ಅವರಷ್ಟು ಬಡವರ ಕಣ್ಣಿನಿಂದ ಕಂಡ ಚಿತ್ರಕಾರರು ಕಡಿಮೆ. ಅದೇ ಮನೆಯಲ್ಲಿ ವಲೆಂತೀನಾ ಪೆನ್ಸಿಲಿನಿಂದ ಕಾಡಿನ, ಅರ್ಧ ಮನುಷ್ಯ ಅರ್ಧ ಪ್ರಾಣಿಯಾದ ಸೌಮ್ಯ ಜೀವಿಗಳ ಲೋಕವೊಂದನ್ನು ಬರೆಯುತ್ತಿದ್ದರು. ಗಂಡನ ಚಿತ್ರಗಳ ಗದ್ದಲದಲ್ಲಿ ಅದಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ. ಮಗ ಅಲೆಕ್ಸಾಂದರ್ ಸಹ ಚಿತ್ರಕಾರ. 1994ರಲ್ಲಿ ತಂದೆತಾಯಿಗಳಿಗಿಂತ ಮೊದಲೇ ತೀರಿಕೊಂಡರು.

ಹಿಂತಿರುಗುವ ದಾರಿಯೂ ಕಾಗದದ ಮೂಲಕವೇ ತೆರೆಯಿತು. 1990ರಲ್ಲಿ ಗೊರ್ಬಚೋವ್ ಸರ್ಕಾರ ರಾಬಿನ್ ಅವರ ಪೌರತ್ವವನ್ನು ಮರಳಿಸಿತು. ಮರಳಿಸಿದ ದೇಶವೇ ಮರುವರ್ಷ ಇಲ್ಲವಾಯಿತು. 1993ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ರಷ್ಯನ್ ಮ್ಯೂಸಿಯಮ್ಮಿನಲ್ಲಿ, ಎಂಬತ್ತು ತುಂಬಿದ 2008ರಲ್ಲಿ ಮಾಸ್ಕೋದ ತ್ರೆತ್ಯಾಕೊವ್ ಗ್ಯಾಲರಿಯಲ್ಲಿ ಅವರ ಚಿತ್ರಗಳು ತೂಗಿದವು. ಬುಲ್ಡೋಜರಿನಡಿಗೆ ಸಿಕ್ಕಬೇಕಾಗಿದ್ದ ಕ್ಯಾನ್ವಾಸುಗಳಿಗೆ ಈಗ ಕಾವಲುಗಾರರಿದ್ದರು. 2006ರಲ್ಲಿ ಅವರು ಪ್ಯಾರಿಸ್ಸಿನ ರಷ್ಯಾ ರಾಯಭಾರ ಕಚೇರಿಗೆ ಹೋಗಿ, ರಷ್ಯಾದ ಪಾಸ್‌ಪೋರ್ಟನ್ನು ಕೈಯಾರೆ ಪಡೆದಿದ್ದರು. ಆದರೂ ಮನೆ ಪ್ಯಾರಿಸ್ಸಿನಲ್ಲೇ ಉಳಿಯಿತು. 2008ರ ಕೊನೆಯಲ್ಲಿ ವಲೆಂತೀನಾ ಹೋದರು.

ಆಸ್ಕರ್ ರಾಬಿನ್ 2018ರ ನವೆಂಬರ್ 7ರಂದು, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಹೊರಹಾಕಿದ ರಾಜ್ಯ ಅಕ್ಟೋಬರ್ ಕ್ರಾಂತಿಯ (ಹಳೆಯ ಕ್ಯಾಲೆಂಡರಿನ ಅಕ್ಟೋಬರ್, ಹೊಸದರ ನವೆಂಬರ್) ಹಬ್ಬವನ್ನು ಆಚರಿಸುತ್ತಿದ್ದ ದಿನ ಅದು. ಸಮಾಧಿ ಇರುವುದು ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿ. ಚಿತ್ರದಲ್ಲಿನ ಪಾಸ್‌ಪೋರ್ಟಿನ ಆ ಸಾಲಿಗೆ ಬಂದ ಉತ್ತರ ಬೇಲಿಯ ಬುಡವೂ ಆಗಿರಲಿಲ್ಲ, ಇಸ್ರೇಲೂ ಆಗಿರಲಿಲ್ಲ. ಅವರು ಸತ್ತದ್ದು ಇಟಲಿಯ ಫ್ಲಾರೆನ್ಸಿನಲ್ಲಿ.